ಒಂದೇ ಸೂಜಿ, ಎರಡು ದಿಕ್ಕು

ಆಯಸ್ಕಾಂತದ ಸೂಜಿಯನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟರೆ ಅದು ಯಾವ ದಿಕ್ಕನ್ನು ತೋರಿಸುತ್ತದೆ? ಯಾವ ತರಗತಿಯಲ್ಲಿ ಕೇಳಿದರೂ ‘ಉತ್ತರ’ ಎಂದೇ ಮಕ್ಕಳು ಥಟ್ಟನೆ ಹೇಳುತ್ತಾರೆ. ಆದರೆ ಚೀನೀ ಭಾಷೆಯಲ್ಲಿ ದಿಕ್ಸೂಚಿಯ ಹೆಸರು ‘ಝಿನಾನ್‌ಝೆನ್’. ಹಾಗೆಂದರೆ ದಕ್ಷಿಣ ತೋರುವ ಸೂಜಿ. ಸೂಜಿ ಒಂದೇ, ಭೂಮಿಯ ಕಾಂತಕ್ಷೇತ್ರವೂ ಒಂದೇ. ಒಂದು ತುದಿ ಉತ್ತರಕ್ಕೆ ನಿಂತರೆ ಇನ್ನೊಂದು ದಕ್ಷಿಣಕ್ಕೆ ನಿಲ್ಲಲೇಬೇಕಷ್ಟೆ. ಯಾವ ತುದಿಗೆ ಮಹತ್ವ ಕೊಡಬೇಕೆಂಬುದು ನೋಡುವವರ ಸಂಪ್ರದಾಯಕ್ಕೆ ಸೇರಿದ್ದು. ಚೀನಾದ ಚಕ್ರವರ್ತಿ ಸಿಂಹಾಸನದಲ್ಲಿ ದಕ್ಷಿಣಾಭಿಮುಖವಾಗಿಯೇ ಕೂರುತ್ತಿದ್ದ.

ಚೀನಾದ ವಿದೇಶಾಂಗ ನೀತಿಯ ಸುದ್ದಿಯನ್ನು ಓದುವಾಗಲೂ ಇಂಥದೇ ಗೊಂದಲ ಉಂಟಾಗುತ್ತದೆ. ಬೀಜಿಂಗ್ ಹೇಳುವುದನ್ನು ಕೇಳಿದರೆ ಅದು ಶತಮಾನಗಳ ನೋವುಂಡು ಮೇಲೆದ್ದ ಶಾಂತಿಪ್ರಿಯ ದೇಶ. ವಾಷಿಂಗ್ಟನ್ನಿನ ಮಾತು ಕೇಳಿದರೆ ನೆರೆಹೊರೆಯನ್ನು ಬೆದರಿಸುವ ಬಲಾಢ್ಯ ದೇಶ. ಇವೆರಡೂ ಚಿತ್ರಗಳು ಹೇಗೆ ಹುಟ್ಟಿದವೆಂದು ತಿಳಿಯಲು ಸ್ವಲ್ಪ ಚರಿತ್ರೆಯ ಪರಿಚಯ ಬೇಕು.

ಉಡುಗೊರೆಯೋ, ಕಪ್ಪಕಾಣಿಕೆಯೋ?

1792ರಲ್ಲಿ ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್, ಲಾರ್ಡ್ ಮೆಕಾರ್ಟ್ನಿಯನ್ನು ರಾಯಭಾರಿಯಾಗಿ ಚೀನಾಕ್ಕೆ ಕಳುಹಿಸಿದ. ದೂರದರ್ಶಕ, ಗಡಿಯಾರ, ಗ್ರಹಗಳ ಚಲನೆ ತೋರಿಸುವ ಯಂತ್ರ ಮೊದಲಾದವು ಅವನ ಜೊತೆಗಿದ್ದವು. ಹೆಚ್ಚು ಬಂದರುಗಳಲ್ಲಿ ವ್ಯಾಪಾರ ಮಾಡಲು ಅನುಮತಿ ಮತ್ತು ಬೀಜಿಂಗ್‌ನಲ್ಲಿ ಕಾಯಂ ರಾಯಭಾರಿಯನ್ನು ಇರಿಸುವ ಅವಕಾಶ ಬ್ರಿಟನ್ನಿನ ಬೇಡಿಕೆಗಳಾಗಿದ್ದವು. ಚೀನಾದ ಆಸ್ಥಾನ ಈ ಉಡುಗೊರೆಗಳನ್ನು ಕಪ್ಪಕಾಣಿಕೆಯೆಂದೇ ಪರಿಗಣಿಸಿತು. ಚಕ್ರವರ್ತಿಯ ಮುಂದೆ ಮೂರು ಬಾರಿ ಮಂಡಿಯೂರಿ, ಒಂಬತ್ತು ಬಾರಿ ಹಣೆಯನ್ನು ನೆಲಕ್ಕೆ ಮುಟ್ಟಿಸುವುದು ಅಲ್ಲಿನ ಪದ್ಧತಿ. ಮೆಕಾರ್ಟ್ನಿ ಒಪ್ಪದೆ, ತನ್ನ ದೊರೆಯ ಮುಂದೆ ಮಾಡುವಂತೆ ಒಂದು ಮಂಡಿಯನ್ನು ಮಾತ್ರ ಊರಿದ. ನಮ್ಮಲ್ಲಿ ಎಲ್ಲವೂ ಇದೆ, ನಿಮ್ಮ ವಸ್ತುಗಳು ನಮಗೆ ಬೇಕಿಲ್ಲ ಎಂಬರ್ಥದ ಪತ್ರ ಬರೆದು ಚಿಯಾನ್‌ಲಾಂಗ್ ಚಕ್ರವರ್ತಿ ಬೇಡಿಕೆಗಳನ್ನು ತಳ್ಳಿಹಾಕಿದ.

ಚೀನೀಯರು ತಮ್ಮ ದೇಶವನ್ನು ‘ಝಾಂಗ್‌ಗುವೊ’ ಎಂದು ಕರೆಯುತ್ತಾರೆ. ಅದರ ಅರ್ಥ ಮಧ್ಯದ ದೇಶ. ಒಬ್ಬ ಚಕ್ರವರ್ತಿ ನಡುವೆ, ಉಳಿದವರು ಸುತ್ತ ಎಂಬುದು ಅಂದಿನ ಆಸ್ಥಾನದ ಕಲ್ಪನೆ. ಎಲ್ಲ ರಾಜ್ಯಗಳೂ ಸಮಾನ ಸಾರ್ವಭೌಮರು ಎಂಬುದು ಯೂರೋಪಿನ ವಾದ. ಸ್ವಾರಸ್ಯವೆಂದರೆ, ಆ ಸಮಾನತೆಯನ್ನು ಯೂರೋಪು ತನ್ನ ವಸಾಹತುಗಳಿಗೆ ಎಂದೂ ನೀಡಲಿಲ್ಲ.

ಅಫೀಮಿನ ಗಾಯ

ಚೀನಾದ ಚಹಾಕ್ಕೆ ಬೆಳ್ಳಿ ತೆತ್ತು ಸಾಕಾದ ಬ್ರಿಟಿಷರು ಬೇರೊಂದು ಮಾರ್ಗ ಹಿಡಿದರು. ಈಸ್ಟ್ ಇಂಡಿಯಾ ಕಂಪನಿ ಬಿಹಾರದ ಹೊಲಗಳಲ್ಲಿ ಬೆಳೆಸಿ ಕಲ್ಕತ್ತೆಯಲ್ಲಿ ಹರಾಜು ಹಾಕಿದ ಅಫೀಮು ಕಳ್ಳಮಾರ್ಗದಲ್ಲಿ ಚೀನಾ ಸೇರಿತು. 1839ರಲ್ಲಿ ಅಧಿಕಾರಿ ಲಿನ್ ಝೆಶು ಸುಮಾರು 20,000 ಪೆಟ್ಟಿಗೆ ಅಫೀಮನ್ನು ನಾಶಪಡಿಸಿದ. ಯುದ್ಧ ಹತ್ತಿಕೊಂಡಿತು. ಬ್ರಿಟಿಷರ ಪರವಾಗಿ ಅಲ್ಲಿ ಕಾದಿದವರಲ್ಲಿ ಮದ್ರಾಸ್ ಸೈನ್ಯದ ಭಾರತೀಯ ಸಿಪಾಯಿಗಳೂ ಇದ್ದರು. 1842ರ ನಾನ್‌ಜಿಂಗ್ ಒಪ್ಪಂದದಂತೆ ಹಾಂಗ್‌ಕಾಂಗ್ ದ್ವೀಪ ಬ್ರಿಟನ್ನಿಗೆ ಹೋಯಿತು. ಐದು ಬಂದರುಗಳು ತೆರೆದವು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಬೀಜಿಂಗ್‌ನ ಬೇಸಿಗೆ ಅರಮನೆಯನ್ನು ಲೂಟಿ ಮಾಡಿ ಸುಟ್ಟಿತು. 1895ರಲ್ಲಿ ತೈವಾನ್ ಜಪಾನಿನ ವಶವಾಯಿತು.

ಅಫೀಮು ಯುದ್ಧದಿಂದ 1949ರವರೆಗಿನ ಈ ಅವಧಿಯನ್ನು ಚೀನೀ ಮಕ್ಕಳು ‘ಅವಮಾನದ ಶತಮಾನ’ ಎಂದು ಓದುತ್ತಾರೆ. ನಕ್ಷೆ, ಗಡಿ, ತೈವಾನ್ ಎಂದೊಡನೆ ಬೀಜಿಂಗ್‌ನ ಧ್ವನಿ ಏಕೆ ಗಡುಸಾಗುತ್ತದೆ ಎಂಬುದಕ್ಕೆ ಒಂದು ಕಾರಣ ಇಲ್ಲಿದೆ.

ಪಶ್ಚಿಮದ ನಿರೀಕ್ಷೆ

ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ರಾಷ್ಟ್ರಗಳು ವಿಶ್ವಸಂಸ್ಥೆ, ಒಪ್ಪಂದ, ನ್ಯಾಯಾಲಯಗಳ ಮೂಲಕ ವ್ಯವಸ್ಥೆಯೊಂದನ್ನು ಕಟ್ಟಲು ಮುಂದಾದವು. ವಿಶ್ವಸಂಸ್ಥೆಯಲ್ಲಿ ಕಮ್ಯುನಿಸ್ಟ್ ಚೀನಾಕ್ಕೆ ಸ್ಥಾನ ಸಿಕ್ಕಿದ್ದು 1971ರಲ್ಲಿ. ಮರುವರ್ಷವೇ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ಗೆ ಹೋದರು. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. ವ್ಯಾಪಾರ ಬೆಳೆದಂತೆ ಅಲ್ಲಿನ ರಾಜಕೀಯವೂ ಉದಾರವಾದೀತೆಂದು ಪಶ್ಚಿಮದ ಅನೇಕರು ನಂಬಿದ್ದರು. ವ್ಯಾಪಾರ ಬೆಳೆಯಿತು, ಏಕಪಕ್ಷದ ಆಡಳಿತ ಹಾಗೆಯೇ ಉಳಿಯಿತು.

ವಿವರಣೆ ಬೇರೆ, ಸಮರ್ಥನೆ ಬೇರೆ

‘ಅವರವರ ದೃಷ್ಟಿಗೆ ಅವರವರದೇ ಸರಿ’ ಎಂದು ಇಲ್ಲಿಗೇ ಬಿಟ್ಟರೆ ಅದು ಸೋಮಾರಿತನವಾದೀತು. ದಕ್ಷಿಣ ಚೀನಾ ಸಮುದ್ರದ ಪ್ರಕರಣವನ್ನೇ ನೋಡಿ. ಒಂಬತ್ತು ಗೆರೆಗಳ ನಕ್ಷೆ ತೋರಿಸಿ ಚೀನಾ ಆ ಸಮುದ್ರದ ಬಹುಭಾಗದ ಮೇಲೆ ಐತಿಹಾಸಿಕ ಹಕ್ಕು ಸಾಧಿಸುತ್ತದೆ. ಆದರೆ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವನ್ನು ಅದೇ ಚೀನಾ 1996ರಲ್ಲಿ ಅನುಮೋದಿಸಿದೆ. ಫಿಲಿಪ್ಪೀನ್ಸ್ ಹೂಡಿದ ದಾವೆಯಲ್ಲಿ, ಆ ಗೆರೆಗಳೊಳಗಿನ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲವೆಂದು 2016ರಲ್ಲಿ ಹೇಗ್‌ನ ನ್ಯಾಯಮಂಡಳಿ ತೀರ್ಪಿತ್ತಿತು. ಚೀನಾ ಒಪ್ಪಲಿಲ್ಲ. ಈ ತೀರ್ಪನ್ನು ಪಾಲಿಸಿರೆಂದು ಬುದ್ಧಿ ಹೇಳುವ ಅಮೆರಿಕ ಆ ಒಪ್ಪಂದವನ್ನೇ ಇನ್ನೂ ಅನುಮೋದಿಸಿಲ್ಲ ಎಂಬುದೂ ನಿಜ!

ಇನ್ನೊಂದು ಅಂಶ. ಫಿಲಿಪ್ಪೀನ್ಸ್, ವಿಯೆಟ್ನಾಂ, ಜಪಾನ್ ಪೂರ್ವದ ದೇಶಗಳೇ. ಅವುಗಳ ದೃಷ್ಟಿ ಬೀಜಿಂಗ್‌ನದಲ್ಲ. ಹಾಗಾಗಿ ‘ಪೂರ್ವ’ ಮತ್ತು ‘ಪಶ್ಚಿಮ’ ಎಂಬೆರಡೇ ಬುಟ್ಟಿಗಳಲ್ಲಿ ಜಗತ್ತನ್ನು ತುಂಬಲಾಗದು.

ನಮ್ಮದಂತೂ ಮೂರನೆಯ ನೆಲೆ. 1954ರಲ್ಲಿ ಭಾರತ ಮತ್ತು ಚೀನಾ ಪಂಚಶೀಲಕ್ಕೆ ಸಹಿ ಹಾಕಿದವು. 1962ರಲ್ಲಿ ಯುದ್ಧವಾಯಿತು. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಮಡಿದರು. ತನ್ನ ಕಡೆ ನಾಲ್ವರು ಸತ್ತರೆಂದು ಚೀನಾ ಹೇಳಿದ್ದು 2021ರ ಫೆಬ್ರುವರಿಯಲ್ಲಿ. ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಹೋದವರು ಅಲ್ಲಿನ ಟಿಬೆಟನ್ ಶಿಬಿರವನ್ನು ಕಂಡಿರುತ್ತಾರೆ. 1959ರ ನಂತರ ನಾಡು ಬಿಟ್ಟು ಬಂದವರು ನೆಲೆಸಿದ ಜಾಗ ಅದು. ಚೀನಾದ ನೀತಿ ಅವರಿಗೆ ಬರೀ ಪಾಠದ ವಿಷಯವಲ್ಲ.

ವಿದ್ಯಾರ್ಥಿಗಳು ಇಂಥ ಸುದ್ದಿಯನ್ನು ಪ್ರಯೋಗದ ದಾಖಲೆಯಂತೆ ಓದಬೇಕು. ಮೊದಲು, ನಡೆದದ್ದೇನು: ದಿನಾಂಕ, ಸ್ಥಳ, ಸಂಖ್ಯೆ. ಆಮೇಲೆ, ಹೇಳುತ್ತಿರುವವರು ಯಾರು, ಎಲ್ಲಿ ನಿಂತು? ಕೊನೆಯಲ್ಲಿ, ಅವರು ಬಿಟ್ಟಿರುವುದೇನು? ತಂದೆತಾಯಿಗಳಿಗೂ ಒಂದು ಮಾತು. ‘ಚೀನಾ ಒಳ್ಳೆಯದೋ ಕೆಟ್ಟದ್ದೋ’ ಎಂದು ಮಕ್ಕಳು ಕೇಳಿದಾಗ ಒಂದೇ ಪದದ ಉತ್ತರ ಕೊಟ್ಟು ಮುಗಿಸಬೇಡಿ. ಗೋಡೆಯ ಮೇಲಿನ ಏಷ್ಯಾ ನಕ್ಷೆಯ ಮುಂದೆ ಅವರೊಂದಿಗೆ ಹತ್ತು ನಿಮಿಷ ನಿಲ್ಲಿ. ಆ ನೆರೆಯವರ ಜೊತೆ ನಾಳೆ ವ್ಯಾಪಾರ ಮಾಡಬೇಕಾದವರೂ ಗಡಿ ಕಾಯಬೇಕಾದವರೂ ಈ ಮಕ್ಕಳೇ.