ಆಂಪಿಯರ್ ಲೆಕ್ಕವೂ ಯೂನಿಟ್ ಲೆಕ್ಕವೂ: ಫ್ಲೋರೈಡ್ ನೀರಿಗೆ ಫ್ಯಾರಡೆ ನಿಯಮ

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಹಳೆಯ ಪಿಡುಗು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಲ್ಲಿ 1.5 ಮಿಲಿಗ್ರಾಂವರೆಗೆ ವಿನಾಯಿತಿಯುಂಟು. ಆರ್.ಓ. ಘಟಕಗಳು ಈ ದೋಷವನ್ನು ನಿವಾರಿಸುತ್ತವೆಯಾದರೂ ಒಳಬಂದ ನೀರಿನ ಗಣನೀಯ ಭಾಗವನ್ನು ಹೊರಚೆಲ್ಲುತ್ತವೆ. ಬರದ ನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ.

ನಾಗಪುರದ ರಾಷ್ಟ್ರೀಯ ಪರಿಸರ ತಾಂತ್ರಿಕ ಸಂಶೋಧನಾ ಸಂಸ್ಥೆಯು (ನೀರಿ) ಸೌರವಿದ್ಯುತ್ತಿನ ನೆರವಿನ ಮತ್ತೊಂದು ವಿಧಾನವನ್ನು ರೂಪಿಸಿದೆ. ನೀರಿನಲ್ಲಿ ಅಲ್ಯೂಮಿನಿಯಂ ಫಲಕಗಳನ್ನಿಳಿಸಿ ಏಕಮುಖ ವಿದ್ಯುತ್ ಹರಿಸಿದಾಗ ಧನಫಲಕ ಕರಗಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಅದು ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಸೌರಫಲಕ ನೀಡುವುದೂ ಏಕಮುಖ ವಿದ್ಯುತ್ತನ್ನೇ. 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ಮಡಿಲಲ್ಲಿಟ್ಟುಕೊಂಡಿರುವ ಪಾವಗಡಕ್ಕೆ ಬಿಸಿಲಿನ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಇಂಥ ಘಟಕ ಕೊಳ್ಳುವ ಉದ್ಯಮಿಯು ಮೊದಲು ಕೇಳಬೇಕಾದುದು ಎಷ್ಟು ಲೋಹ ಕರಗುತ್ತದೆ ಎಂಬುದನ್ನು. ಇದಕ್ಕೆ ಉತ್ತರವನ್ನು ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿಯೇ ನೀಡಿದ್ದಾನೆ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತ ಈ ವಿಜ್ಞಾನಿಯ ನಿಯಮಗಳು ಖಾತೆ ಬರೆಯುವವರಿಗೆ ಕಷ್ಟವೆನಿಸಲಾರವು. ಕರಗುವ ಅಥವಾ ಲೇಪವಾಗುವ ಲೋಹವು ಹರಿದ ವಿದ್ಯುತ್ತಿನ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ ಎಂಬುದು ಮೊದಲನೆಯದು. ಒಂದೇ ಪ್ರಮಾಣದ ವಿದ್ಯುತ್ತಿಗೆ ಬೇರೆ ಬೇರೆ ಲೋಹಗಳು ತಮ್ಮ ಸಮಾನತೂಕಕ್ಕೆ ಅನುಗುಣವಾಗಿ ಸಲ್ಲುತ್ತವೆ ಎಂಬುದು ಎರಡನೆಯದು. 96,485 ಕೂಲಂಬ್ ವಿದ್ಯುತ್ತಿಗೆ ಬೆಳ್ಳಿ ಸುಮಾರು 108 ಗ್ರಾಂ, ತಾಮ್ರ 32 ಗ್ರಾಂ, ಅಲ್ಯೂಮಿನಿಯಂ ಕೇವಲ 9 ಗ್ರಾಂ. ಒಂದು ಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ ಅಲ್ಯೂಮಿನಿಯಂ 0.336 ಗ್ರಾಂ ಕರಗುತ್ತದೆ.

ಪರೀಕ್ಷೆಯಲ್ಲಿ ಲೀಟರಿಗೆ 50 ಮಿಲಿಗ್ರಾಂ ಅಲ್ಯೂಮಿನಿಯಂ ಬೇಕೆಂದು ಕಂಡುಬಂದಿತೆನ್ನೋಣ. ಸಾವಿರ ಲೀಟರಿಗೆ 50 ಗ್ರಾಂ, ಅಂದರೆ ಸುಮಾರು 149 ಆಂಪಿಯರ್-ಗಂಟೆ. ಫಲಕಗಳ ನಡುವೆ 10 ವೋಲ್ಟ್ ಇದ್ದರೆ ಖರ್ಚು ಒಂದೂವರೆ ಯೂನಿಟ್. ಅಂತರ ಹೆಚ್ಚಿಯೋ, ಫಲಕದ ಮೇಲೆ ಪೊರೆ ಕಟ್ಟಿಯೋ ಅದೇ ಆಂಪಿಯರಿಗೆ 20 ವೋಲ್ಟ್ ಬೇಕಾದರೆ ಮೂರು ಯೂನಿಟ್. ಕರಗುವ ಲೋಹ ಮಾತ್ರ ಅಷ್ಟೇ. ಫ್ಯಾರಡೆ ನಿಯಮದಲ್ಲಿ ವೋಲ್ಟ್ ಬರುವುದಿಲ್ಲ, ವಿದ್ಯುತ್ ಬಿಲ್ಲಿನಲ್ಲಿ ತಪ್ಪದೆ ಬರುತ್ತದೆ. ಈ ಎರಡು ಲೆಕ್ಕಗಳನ್ನು ಒಂದೇ ಎಂದು ಭಾವಿಸಿ ದರಪಟ್ಟಿ ಒಪ್ಪಿಕೊಳ್ಳುವವರೇ ಹೆಚ್ಚು.

ವಾಸ್ತವದಲ್ಲಿ ಫಲಕದ ಸವಕಳಿಯು ಲೆಕ್ಕಕ್ಕಿಂತ ತುಸು ಹೆಚ್ಚೇ ಇರಬಹುದು. ನೀರಿನಲ್ಲಿನ ಕ್ಲೋರೈಡ್ ಮೊದಲಾದವು ಅಲ್ಯೂಮಿನಿಯಮ್ಮನ್ನು ತಾವಾಗಿಯೂ ಕೊರೆಯುತ್ತವೆ. ಅದು ನಿಯಮದ ತಪ್ಪಲ್ಲ. ಲೇಪನದ ತೊಟ್ಟಿಗಳಲ್ಲಿ ಇದಕ್ಕೆ ವಿರುದ್ಧವಾಗಿ, ವಿದ್ಯುತ್ತಿನ ಒಂದಂಶ ಜಲಜನಕ ಬಿಡುಗಡೆಗೆ ವ್ಯಯವಾಗಿ ಲೇಪ ಕಡಿಮೆಯಾಗುತ್ತದೆ. ಆದ್ದರಿಂದ ಫಲಕವನ್ನು ತಿಂಗಳಿಗೊಮ್ಮೆ ತೂಗಿ, ಆಂಪಿಯರ್-ಗಂಟೆಯ ದಾಖಲೆಯೊಡನೆ ತಾಳೆ ನೋಡುವುದು ಅವಶ್ಯ. ಸಂಸ್ಕರಿಸಿದ ನೀರಿನಲ್ಲಿ ಅಲ್ಯೂಮಿನಿಯಂ ಲೀಟರಿಗೆ 0.03 ಮಿಲಿಗ್ರಾಂ ಮೀರಬಾರದೆಂದೂ, ಅನಿವಾರ್ಯವಾದಲ್ಲಿ 0.2 ಮಿಲಿಗ್ರಾಂವರೆಗೆ ಇರಬಹುದೆಂದೂ ಅದೇ ಮಾನಕ ಹೇಳುತ್ತದೆ. ತಳದ ಕೆಸರಿನಲ್ಲಿರುವುದು ನೀರಿನಿಂದ ತೆಗೆದ ಫ್ಲೋರೈಡೇ ಆದ್ದರಿಂದ, ಅದರ ವಿಲೇವಾರಿ ಖರ್ಚನ್ನೂ ಅಂದಾಜುಪಟ್ಟಿಯಲ್ಲಿ ಸೇರಿಸತಕ್ಕದ್ದು.