ನಡುವಣ ಪ್ಯಾಚುಗಳ ಪರೀಕ್ಷೆ

ಲಿನಕ್ಸ್ ಕರ್ನಲ್ಲಿನಂತಹ ಬೃಹತ್ ತಂತ್ರಾಂಶಕ್ಕೆ ಹೊಸದೊಂದು ಸೌಲಭ್ಯವನ್ನು ಸೇರಿಸಬಯಸುವ ಪ್ರೋಗ್ರಾಮರನು ತನ್ನ ಕೆಲಸವನ್ನೆಲ್ಲ ಒಂದೇ ಗಂಟಾಗಿ ಕಟ್ಟಿ ಕಳುಹಿಸುವಂತಿಲ್ಲ. ಪರಿಶೀಲಿಸುವವರ ಗ್ರಹಿಕೆಗೆ ಒಗ್ಗುವಂತೆ ಅದನ್ನು ಸಣ್ಣ ಸಣ್ಣ ಬದಲಾವಣೆಗಳಾಗಿ ವಿಭಾಗಿಸಿ, ‘ಏಳರಲ್ಲಿ ಮೂರನೆಯದು’ ಎಂಬಂತೆ ಒಂದೊಂದಕ್ಕೂ ಕ್ರಮಾಂಕವನ್ನಿತ್ತು, ಪ್ಯಾಚುಗಳ ಸರಣಿಯಾಗಿ ಇಮೇಲಿನಲ್ಲಿ ಒಪ್ಪಿಸಬೇಕೆಂಬುದು ಅಲ್ಲಿಯ ಸಂಪ್ರದಾಯ. ಇದರ ಜೊತೆಗೆ ಇನ್ನೊಂದು ಕಟ್ಟಳೆಯೂ ಉಂಟು: ಸರಣಿಯ ಕೊನೆಯಲ್ಲಿ ಮಾತ್ರವಲ್ಲದೆ, ಪ್ರತಿಯೊಂದು ಪ್ಯಾಚನ್ನು ಹಚ್ಚಿದ ಬಳಿಕವೂ ಕರ್ನಲ್ಲು ಕಂಪೈಲ್ ಆಗಬೇಕು, ಸರಿಯಾಗಿ ಓಡಬೇಕು.

ಕೊನೆಯ ಫಲವು ನಿರ್ದುಷ್ಟವಾಗಿದ್ದಮೇಲೆ ನಡುವಣ ಅವಸ್ಥೆಗಳು ಹೇಗಿದ್ದರೇನು ಎಂದು ಕೇಳುವವರಿಗೆ ಉತ್ತರವು ದೊರೆಯುವುದು ಎಷ್ಟೋ ತಿಂಗಳ ತರುವಾಯ, ದೋಷವೊಂದು ತಲೆದೋರಿದಾಗ. ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಕರ್ನಲ್ಲಿನ ಕೆಲಸಕ್ಕಾಗಿಯೇ ರಚಿಸಿದ ಗಿಟ್ ಎಂಬ ಸಾಧನದಲ್ಲಿ ಬೈಸೆಕ್ಟ್ ಎಂಬ ಆಜ್ಞೆಯಿದೆ. ಹಚ್ಚಿದ ಪ್ರತಿಯೊಂದು ಪ್ಯಾಚೂ ಗಿಟ್ಟಿನ ಇತಿಹಾಸದಲ್ಲಿ ಒಂದು ಕಮಿಟ್ಟಾಗಿ ದಾಖಲಾಗುತ್ತದೆ. ಬೈಸೆಕ್ಟ್ ದೋಷವಿಲ್ಲದ ಹಳೆಯ ಕಮಿಟ್ಟಿಗೂ ದೋಷವಿರುವ ಹೊಸ ಕಮಿಟ್ಟಿಗೂ ನಡುವಿನ ಇತಿಹಾಸವನ್ನು ಅರ್ಧರ್ಧವಾಗಿ ಛೇದಿಸುತ್ತ ಹೋಗುವುದರಿಂದ, ಸಾವಿರ ಕಮಿಟ್ಟುಗಳೊಳಗಿಂದ ಅಪರಾಧಿಯನ್ನು ಹಿಡಿಯಲು ಸುಮಾರು 10 ಪರೀಕ್ಷೆಗಳೇ ಸಾಕು. ಆದರೆ ಈ ಅನ್ವೇಷಣೆಯು ಯಾವ ಕಮಿಟ್ಟಿನಲ್ಲಿ ನಿಂತೀತೆಂದು ಮೊದಲೇ ಹೇಳಬರುವಂತಿಲ್ಲ. ನಿಂತಲ್ಲಿ ಕಂಪೈಲೇ ಆಗದಿದ್ದರೆ, ಅರಸುವ ದೋಷವು ಅಲ್ಲಿದೆಯೋ ಇಲ್ಲವೋ ನಿರ್ಣಯಿಸುವ ಉಪಾಯವೂ ಇಲ್ಲ.

ಪ್ರತಿ ಪ್ಯಾಚಿಗೂ ಕೂತು ಪರೀಕ್ಷೆ ನಡೆಸುವ ತಾಳ್ಮೆ ಮನುಷ್ಯರಲ್ಲಿ ವಿರಳ. ಎರಡು ಮುಗಿಯುವಷ್ಟರಲ್ಲಿಯೇ ‘ಉಳಿದವು ಸಣ್ಣವು, ಏನೂ ಆಗಿರಲಾರದು’ ಎಂಬ ಸಮಾಧಾನವು ತಾನಾಗಿ ಹುಟ್ಟಿಕೊಳ್ಳುತ್ತದೆ. ಆದುದರಿಂದಲೇ, ಸರಣಿಯ ಕಮಿಟ್ಟುಗಳನ್ನು ಒಂದೊಂದಾಗಿ ಮತ್ತೆ ಹಚ್ಚುವ ಗಿಟ್ಟಿನ ರೀಬೇಸ್ ಆಜ್ಞೆಗೆ ‘ಎಕ್ಸೆಕ್’ ಎಂಬ ವಿಕಲ್ಪವನ್ನು ಜೋಡಿಸಿದ್ದಾರೆ. ‘ಮೇಕ್ ಟೆಸ್ಟ್’ ಎಂಬಂತಹ ಪರೀಕ್ಷೆಯನ್ನು ಅದರೊಡನೆ ಸೂಚಿಸಿದರೆ, ಗಿಟ್ಟು ಸರಣಿಯ ಬುಡದಿಂದ ಹೊರಟು, ಪ್ಯಾಚೊಂದನ್ನು ಹಚ್ಚಿ, ಪರೀಕ್ಷೆಯನ್ನು ನಡೆಸಿ, ಅದು ಮುಗಿದು ಹಿಂದಿರುಗಿಸಿದ ಸಂಖ್ಯೆಯನ್ನು ನೋಡಿ, ಮುಂದುವರಿಯುತ್ತದೆ ಇಲ್ಲವೆ ಅಲ್ಲಿಯೇ ನಿಲ್ಲುತ್ತದೆ. ಶಾಲೆಯ ಲೆಕ್ಕಕ್ಕೆ ವಿಪರೀತವಾಗಿ ಇಲ್ಲಿ ಸೊನ್ನೆ ಬಂದರೆ ತೇರ್ಗಡೆ. ಬೇರೆ ಯಾವ ಸಂಖ್ಯೆ ಬಂದರೂ ನಪಾಸು.

ಐದು ಪ್ಯಾಚುಗಳ ಸರಣಿಯೊಂದನ್ನು ಭಾವಿಸೋಣ. ಎರಡನೆಯ ಪ್ಯಾಚು ಒಂದು ಫಂಕ್ಷನ್ನಿಗೆ ಹೊಸ ಆರ್ಗ್ಯುಮೆಂಟನ್ನು ಸೇರಿಸುತ್ತದೆ. ಆ ಫಂಕ್ಷನ್ನನ್ನು ಕರೆಯುವ ಕಡತವು ತಿದ್ದುಪಡಿಯಾಗುವುದು ನಾಲ್ಕನೆಯದರಲ್ಲಿ. ಕೊನೆಯ ಸ್ಥಿತಿಯನ್ನು ನೋಡಿದರೆ ಎಲ್ಲವೂ ಸುಸೂತ್ರ. ಎರಡು ಮತ್ತು ಮೂರು ಮಾತ್ರ ಮುರಿದಿವೆ. ಗಿಟ್ಟು ಎರಡರಲ್ಲಿಯೇ ನಿಲ್ಲುತ್ತದೆ. ಕರ್ತೃವು ಆ ತಿದ್ದುಪಡಿಯನ್ನು ನಾಲ್ಕನೆಯದರಿಂದ ಕಿತ್ತು ಎರಡನೆಯದಕ್ಕೆ ತಂದು, ಕಮಿಟ್ಟನ್ನು ಪರಿಷ್ಕರಿಸಿ, ರೀಬೇಸನ್ನು ಮುಂದುವರಿಸತಕ್ಕದ್ದು.

ಇಷ್ಟಾದರೂ ಈ ವ್ಯವಸ್ಥೆಯು ಮೋಸಹೋಗುವ ಸ್ಥಳವೊಂದಿದೆ. ಹೊಸದಾಗಿ ಬರೆದ ಕಡತವನ್ನು ಕಮಿಟ್ಟಿಗೆ ಸೇರಿಸಲು ಮರೆತಿದ್ದರೂ ಅದು ಡೈರೆಕ್ಟರಿಯಲ್ಲಿ ಹಾಗೆಯೇ ಬಿದ್ದಿರುವುದರಿಂದ, ಕರ್ತೃವಿನ ಗಣಕದಲ್ಲಿ ಪ್ರತಿ ಪರೀಕ್ಷೆಯೂ ತೇರ್ಗಡೆಯಾಗಿ, ಬೇರೆಯವರಲ್ಲಿ ಮೊದಲ ಹೆಜ್ಜೆಯೇ ಎಡವುತ್ತದೆ. ಬಲ್ಲವರು ಇದಕ್ಕಾಗಿ ವರ್ಕ್‌ಟ್ರೀ ಎಂಬ ಪ್ರತ್ಯೇಕ ಡೈರೆಕ್ಟರಿಯನ್ನು ತೆರೆದು, ಕಮಿಟ್ಟಿನಲ್ಲಿರುವುದಷ್ಟೇ ಇರುವ ಆ ಶುಭ್ರ ಆವರಣದಲ್ಲಿ ಪರೀಕ್ಷೆಯನ್ನು ನಡೆಸುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಐಚ್ಛಿಕವಲ್ಲ, ಅವಶ್ಯಕ.

ಕರ್ನಲ್ಲಾದರೋ ನಾನಾ ಜಾತಿಯ ಪ್ರೊಸೆಸರುಗಳಿಗಾಗಿ, ನಾನಾ ಸಂಯೋಜನೆಗಳಲ್ಲಿ ಕಂಪೈಲ್ ಆಗುವಂಥದು. ಅವೆಲ್ಲವನ್ನೂ ಒಬ್ಬನ ಗಣಕದಲ್ಲಿ ಪರೀಕ್ಷಿಸುವುದು ಅಸಾಧ್ಯ. ಆ ಭಾರವನ್ನು ಇಂಟೆಲ್ ಸಂಸ್ಥೆಯ ಕರ್ನಲ್ ಟೆಸ್ಟ್ ರೋಬೋಟ್ ಬಹುಮಟ್ಟಿಗೆ ಹೊತ್ತಿದೆ. ಸಲ್ಲಿಕೆಯಾದ ಸರಣಿಗಳನ್ನು ತಾನಾಗಿ ಎತ್ತಿಕೊಂಡು ಕಂಪೈಲ್ ಮಾಡಿ, ದೋಷ ಕಂಡರೆ ಇಂತಹ ಕಮಿಟ್ಟಿನಲ್ಲಿ, ಇಂತಹ ಸಂಯೋಜನೆಯಲ್ಲಿ, ಇಂತಹ ಎಚ್ಚರಿಕೆ ಬಂದಿತೆಂದು ಅದು ಕರ್ತೃವಿಗೆ ಇಮೇಲ್ ಬರೆಯುತ್ತದೆ. ಆತನು ಅದನ್ನು ಸರಿಪಡಿಸಿ ಸರಣಿಯ ಎರಡನೆಯ ಆವೃತ್ತಿಯನ್ನು ಸಿದ್ಧಗೊಳಿಸುತ್ತಾನೆ.