ಹೊಸ ಬಾಗಿಲು, ಹಳೆಯ ಗೋಡೆ, ಮಳೆಗಾಲದ ತೇವ



ಕಳೆದ ವರ್ಷ ಫೆಬ್ರವರಿಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಾರ್ಕಳದ ಬಳಿಯ ನಮ್ಮ ಮನೆಯ ಅಡಿಕೆ ಕೋಣೆಗೆ ಹೊಸ ಬಾಗಿಲು ಇಡಿಸಿದೆ. ದಾರಂದ ಕೂರಿಸಲು ಗೋಡೆ ಒಡೆದಾಗ ಸುತ್ತಲಿನ ಮುರಕಲ್ಲು ತೆರೆದುಕೊಂಡಿತು. ಮಣಿಪಾಲದ ಬಹುಮಹಡಿ ಮನೆಗಳಲ್ಲಿ ನೋಡಿದ್ದ ಜಿಪ್ಸಂ ಬೋರ್ಡಿನ ನುಣುಪಿಗೆ ಮರುಳಾಗಿ, ಅದನ್ನೇ ಕಲ್ಲಿಗೆ ಅಂಟಿಸಿ ಮುಚ್ಚಿಸಿದೆ. ಎರಡೇ ದಿನದಲ್ಲಿ ಕೆಲಸ ಮುಗಿಯಿತು. ಆಟಿ ತಿಂಗಳು ಬರುವಾಗ ಬೋರ್ಡಿನ ಮೇಲೆಲ್ಲ ಕಪ್ಪು ಚುಕ್ಕೆ. ಅದಕ್ಕೆ ತಾಗಿಸಿಟ್ಟಿದ್ದ ನಾಲ್ಕು ಚೀಲ ಚಾಲಿಗೆ ಬೂಸು. ಒಳ್ಳೆಯ ದರಕ್ಕೆಂದು ಕಾದಿಟ್ಟ ಮಾಲು ಕರಿಗೋಟಿನ ಲೆಕ್ಕಕ್ಕೆ ಇಳಿಯಿತು.

ದೋಷ ಬೋರ್ಡಿನದಲ್ಲ, ಬಳಸಿದ ಜಾಗದ್ದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಮುರಕಲ್ಲಿನ ಮೈಯೆಲ್ಲ ತೂತು. ನೀರನ್ನು ಹೀರಿ ನಿಧಾನವಾಗಿ ಬಿಡುತ್ತದೆ. ಬೋರ್ಡಿನ ಎರಡೂ ಮೈಗೆ ಇರುವುದು ಕಾಗದ. ಒದ್ದೆ ಕಾಗದವೇ ಬೂಸಿಗೆ ಆಹಾರ. ಹಿರಿಯರು ಅಗಲವಾದ ಸೂರು, ಸುಣ್ಣದ ಗಾರೆ, ಮಳೆಗಾಲಕ್ಕೆ ಮಡಲಿನ ತಟ್ಟಿ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಮೊದಲು ತೇವ ಬರುವ ದಾರಿ ತಿಳಿಯಬೇಕು. ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚು ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕಂಡರೆ ತೇವ ಗೋಡೆಯದು; ಕೋಣೆಯ ಕಡೆಗೆ ಕಂಡರೆ ಗಾಳಿಯದು. ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಿ. ಬೇಸಗೆಯ ಗೋಡೆ ಸುಳ್ಳು ಹೇಳುತ್ತದೆ. ನಾನು ಮೋಸಹೋದದ್ದು ಅಲ್ಲಿಯೇ.

ತೇವ ಗೋಡೆಯದಾದರೆ ಚಿಕಿತ್ಸೆ ಹೊರಗಿನಿಂದ ಆರಂಭವಾಗಲಿ. ಬಾಗಿಲ ಮೇಲೆ ಛಜ್ಜಾ ಇರಲಿ; ನೀರು ಗೋಡೆಗೆ ಹರಿದು ಬಾರದಂತೆ ಅದರ ತಳದ ಅಂಚಿನಲ್ಲಿ ಒಂದು ಗೀರುಗಾಲುವೆ ಬಿಡಿಸಿ. ಹೊಸ್ತಿಲು ಹೊರಕ್ಕೆ ಇಳಿಜಾರಾಗಿರಲಿ. ದಾರಂದಕ್ಕೂ ಕಲ್ಲಿಗೂ ನಡುವಿನ ಸಂದು ಪೂರ್ತಿ ತುಂಬಿರಲಿ. ಕಲ್ಲಿಗೆ ತಾಗುವ ಮರದ ಮೈಗೆ ಕೂರಿಸುವ ಮೊದಲೇ ಬಣ್ಣ ಬಳಿಸಿ. ಅನಂತರ ಗೋಡೆಗೆ ಒಂದು ಪೂರ್ತಿ ಬೇಸಗೆ ಒಣಗಲು ಬಿಡಿ.

ಒಳಮೈಗೆ ಸುಣ್ಣದ ಗಾರೆಯೇ ಮೇಲು. ಅದು ತೇವವನ್ನು ಹೊರಬಿಡುತ್ತದೆ. ಬೋರ್ಡೇ ಬೇಕೆಂದರೆ ತೇವ ತಡೆಯುವ ಹಸಿರು ಬಣ್ಣದ್ದನ್ನು ಆರಿಸಿ, ಗೋಡೆಗೆ ಅಂಟಿಸದೆ ಲೋಹದ ಚೌಕಟ್ಟಿನ ಮೇಲೆ ಸಂದು ಬಿಟ್ಟು ಕೂರಿಸಿ. ತಳ ನೆಲದಿಂದ ಅರ್ಧ ಅಂಗುಲ ಮೇಲಿರಲಿ. ಆದರೆ ಸೋರುವ ಗೋಡೆಗೆ ಹಸಿರು ಬೋರ್ಡೂ ಮದ್ದಲ್ಲ.

ಕಾಪು ಕಡೆಯ ಸದಸ್ಯರಿಗೆ ಇನ್ನೊಂದು ಮಾತು. ಕಡಲ ಗಾಳಿಯ ಉಪ್ಪು ಸೇರಿದ ಗಾರೆ ಗಾಳಿಯಿಂದಲೇ ನೀರು ಎಳೆಯುತ್ತದೆ. ಅದನ್ನು ಮುಚ್ಚಬೇಡಿ, ಕೆತ್ತಿ ತೆಗೆಯಿರಿ.

ಈ ವರ್ಷ ನಾನು ಬೋರ್ಡು ಕಿತ್ತು, ಗೋಡೆ ಒಣಗಿಸಿ ಸುಣ್ಣದ ಗಾರೆ ಮಾಡಿಸಿದ್ದೇನೆ. ಚೀಲಗಳು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇವೆ. ಬಾಗಿಲು ಮಾತ್ರ ಚೆನ್ನಾಗಿಯೇ ಇದೆ; ಅದಕ್ಕಿಂತ ಮೊದಲು ಗೋಡೆಯನ್ನು ವಿಚಾರಿಸಬೇಕಿತ್ತು.